‘ಎಲಿಮಿನೇಟ್’ ಎಂದರೆ ನಿರ್ಮೂಲನೆಯೇ?

ಪ್ರಶ್ನೆ: ಭಾರತದಲ್ಲಿ ಕುಷ್ಠರೋಗ 2005ರಲ್ಲೇ ‘ಎಲಿಮಿನೇಟ್’ ಆಗಿದೆ ಎಂದು ಓದಿದ್ದೇನೆ. ಆದರೂ ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ. ಹಾಗಾದರೆ ಈ ಕ್ರಿಯಾಪದದ ಸರಿಯಾದ ಅರ್ಥವೇನು?

ಉತ್ತರ: ಎಲಿಮಿನೇಟ್ ಮತ್ತು ಎರಾಡಿಕೇಟ್ ಎಂಬ ಎರಡು ಬೇರೆ ಬೇರೆ ಕ್ರಿಯಾಪದಗಳಿಗೆ ನಾವು ‘ನಿರ್ಮೂಲನೆ’ ಎಂಬ ಒಂದೇ ಪದವನ್ನು ಬಳಸುತ್ತಿರುವುದೇ ಈ ಗೊಂದಲಕ್ಕೆ ಮುಖ್ಯ ಕಾರಣ.

ಲ್ಯಾಟಿನ್ ಭಾಷೆಯಲ್ಲಿ ‘ಲಿಮೆನ್’ ಎಂದರೆ ಹೊಸ್ತಿಲು. ಅದಕ್ಕೆ ‘ಹೊರಕ್ಕೆ’ ಎಂಬರ್ಥದ ‘ಎಕ್ಸ್’ ಸೇರಿ ‘ಎಲಿಮಿನಾರೆ’, ಅಂದರೆ ಹೊಸ್ತಿಲಾಚೆ ಹಾಕು, ಎಂಬ ಕ್ರಿಯಾಪದವಾಯಿತು. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಹೊರಹಾಕು ಎಂಬ ಅರ್ಥವನ್ನೇ ಹೊತ್ತು ಬಂದಿತು. ಹೊರಗೆ ಹಾಕಿದ್ದು ನಾಶವಾಯಿತು ಎಂಬ ಸೂಚನೆ ಅದರ ಮೂಲಾರ್ಥದಲ್ಲಿಲ್ಲ. ಐಪಿಎಲ್‌ನ ಎಲಿಮಿನೇಟರ್ ಪಂದ್ಯದಲ್ಲಿ ಸೋತ ತಂಡ ಆ ವರ್ಷದ ಟೂರ್ನಿಯಿಂದಷ್ಟೇ ಹೊರಬೀಳುತ್ತದೆ.

ಶಾಲೆಯ ಗಣಿತದಲ್ಲಿ ಈ ಅರ್ಥ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಎರಡು ಸಂಖ್ಯೆಗಳ ಮೊತ್ತ 10, ವ್ಯತ್ಯಾಸ 4 ಎಂದಿಟ್ಟುಕೊಳ್ಳಿ. ಎರಡೂ ಸಮೀಕರಣಗಳನ್ನು ಕೂಡಿಸಿದಾಗ ಚಿಕ್ಕ ಸಂಖ್ಯೆ ವಜಾ ಆಗಿ, ದೊಡ್ಡದರ ಎರಡರಷ್ಟು 14 ಎಂದು ಉಳಿಯುತ್ತದೆ; ದೊಡ್ಡದು 7 ಎಂದು ತಿಳಿದೊಡನೆ, ಹೊರಗಿಟ್ಟಿದ್ದ ಚಿಕ್ಕ ಸಂಖ್ಯೆ 3 ಆಗಿ ಒಳಕ್ಕೆ ಬರುತ್ತದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ‘ವರ್ಜಿಸುವ ವಿಧಾನ’ ಎಂದು ಕರೆದಿರುವುದು ಬಹಳ ಸರಿಯಾಗಿದೆ. ದೇಹದಿಂದ ಮಲಮೂತ್ರ ಹೊರಹೋಗುವುದಕ್ಕೂ ಇದೇ ಪದವಿದೆ. ಕೊಲ್ಲು ಎಂಬ ಅರ್ಥ ಮಾತ್ರ ಆಮೇಲೆ ಸೇರಿಕೊಂಡದ್ದು, ಕೊಂದೆವು ಎನ್ನಲು ಹಿಂಜರಿಯುವವರ ಮರೆಮಾತು.

ಇನ್ನು ‘ಎರಾಡಿಕೇಟ್’ ಪದದೊಳಗಿರುವುದು ‘ರಾಡಿಕ್ಸ್’, ಅಂದರೆ ಬೇರು. ಬುಡಸಮೇತ ಕಿತ್ತುಹಾಕು ಎಂದೇ ಅದರ ಅರ್ಥವಾದ್ದರಿಂದ, ಮೂಲವನ್ನೇ ಇಲ್ಲವಾಗಿಸುವ ‘ನಿರ್ಮೂಲನೆ’ ಸಲ್ಲಬೇಕಾದದ್ದು ಇದಕ್ಕೆ. ಆರೋಗ್ಯ ಕ್ಷೇತ್ರದಲ್ಲಿ ರೋಗವೊಂದು ಇಡೀ ಜಗತ್ತಿನಿಂದಲೇ ಮಾಯವಾದಾಗ ಮಾತ್ರ ಈ ಮಾತನ್ನು ಬಳಸುತ್ತಾರೆ. ಮನುಷ್ಯರ ರೋಗಗಳಲ್ಲಿ 1980ರಲ್ಲಿ ಸಿಡುಬು, ದನಗಳ ರೋಗಗಳಲ್ಲಿ 2011ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್), ಇವೆರಡಕ್ಕಷ್ಟೇ ಆ ಘೋಷಣೆ ಸಿಕ್ಕಿದೆ.

ಕುಷ್ಠರೋಗದ ವಿಷಯದಲ್ಲಿ ‘ಎಲಿಮಿನೇಟ್’ ಎಂಬುದಕ್ಕೆ ಇಟ್ಟುಕೊಂಡ ಅಳತೆ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಿರುವುದು. ಭಾರತವು 2005ರ ಡಿಸೆಂಬರ್‌ನಲ್ಲಿ ದೇಶದ ಒಟ್ಟು ಸರಾಸರಿಯಲ್ಲಿ ಈ ಮಟ್ಟವನ್ನು ಮುಟ್ಟಿತು. ರೋಗವು ಸಾರ್ವಜನಿಕ ಆರೋಗ್ಯ ಸಮಸ್ಯೆಗಳ ಪಟ್ಟಿಯಿಂದ ಹೊರಹೋಯಿತೇ ಹೊರತು ದೇಶದಿಂದಲ್ಲ. ವಿಚಿತ್ರವೆಂದರೆ, 1955ರಲ್ಲಿ ನಿಯಂತ್ರಣ ಕಾರ್ಯಕ್ರಮವಾಗಿ ಶುರುವಾದ ಸರ್ಕಾರಿ ಯೋಜನೆಯ ಹೆಸರಿನಲ್ಲಿ 1983ರಿಂದ ‘ಎರಾಡಿಕೇಶನ್’ ಎಂದೇ ಇದೆ. ಹೆಸರಿಗೂ ಅಳತೆಗೂ ಹೊಂದಿಕೆಯಿಲ್ಲ.

ಪೋಲಿಯೊ ಮಾತೂ ಹೀಗೆಯೇ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆತರೂ, ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ವೈರಸ್ ಉಳಿದುಕೊಂಡಿತ್ತು. ಆದ್ದರಿಂದಲೇ ಆ ಬಳಿಕವೂ ಪಲ್ಸ್ ಪೋಲಿಯೊ ಭಾನುವಾರಗಳಂದು ಮಕ್ಕಳಿಗೆ ಹನಿ ಹಾಕಿಸುವುದು ಮುಂದುವರಿಯಿತು.