ಬ್ಲೈಂಡ್ ಫೇತ್, 1969: ಆಲ್ಬಮ್ ಕೇಳುವುದು, ವಿಮರ್ಶೆ ಓದುವುದು

ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಆಗಲೇ ಹೆಸರು ಮಾಡಿದವರು ಸೇರಿ ಕಟ್ಟುವ ಬ್ಯಾಂಡಿಗೆ ಸೂಪರ್‌ಗ್ರೂಪ್ ಅನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಉದಾಹರಣೆ ಬ್ರಿಟನ್ನಿನ ರಾಕ್ ಬ್ಯಾಂಡ್ ಬ್ಲೈಂಡ್ ಫೇತ್. ಇವರು ಮಾಡಿದ್ದು ಒಂದೇ ಸ್ಟುಡಿಯೊ ಆಲ್ಬಮ್. ಹುಟ್ಟಿದ ವರ್ಷದಲ್ಲೇ ಬ್ಯಾಂಡ್ ಮುಗಿದೂ ಹೋಯಿತು.

ಗಿಟಾರ್ ನುಡಿಸಿದ ಎರಿಕ್ ಕ್ಲಾಪ್ಟನ್, ಡ್ರಮ್ಸ್ ಬಾರಿಸಿದ ಜಿಂಜರ್ ಬೇಕರ್ ಇಬ್ಬರೂ ಕ್ರೀಮ್ ಬ್ಯಾಂಡಿನವರು. ಹಾಡಿಗೂ ಆರ್ಗನ್ ಎಂಬ ಕೀಬೋರ್ಡ್ ವಾದ್ಯಕ್ಕೂ ಟ್ರಾಫಿಕ್ ಬ್ಯಾಂಡಿನ ಸ್ಟೀವ್ ವಿನ್‌ವುಡ್. ಬೇಸ್ ಗಿಟಾರಿಗೂ ಪಿಟೀಲಿಗೂ ಫ್ಯಾಮಿಲಿ ಬ್ಯಾಂಡಿನ ರಿಕ್ ಗ್ರೆಚ್. ಕ್ರೀಮ್ 1968ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಬೀಳ್ಕೊಡುಗೆ ಕಛೇರಿ ಕೊಟ್ಟು ಮುಗಿದಿತ್ತು. ಅಲ್ಲಿನ ಅಬ್ಬರ ಕ್ಲಾಪ್ಟನ್‌ಗೆ ಸಾಕಾಗಿತ್ತು. ಬೇಕರ್ ಸೇರಿದರೆ ಜನ ಇದನ್ನೂ ಕ್ರೀಮ್ ಅಂತಲೇ ನೋಡುತ್ತಾರೆ ಅನ್ನೋ ಅಳುಕು ಅವರಿಗಿತ್ತು. ಆದದ್ದೂ ಅದೇ.

1969ರ ಜೂನ್ 7ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಉಚಿತ ಕಾರ್ಯಕ್ರಮ. ಸುಮಾರು ಒಂದು ಲಕ್ಷ ಜನ. ಆಲ್ಬಮ್ ಇನ್ನೂ ಬಂದೇ ಇರಲಿಲ್ಲ! ಆಮೇಲೆ ಅಮೆರಿಕ ಪ್ರವಾಸ. ಸ್ವಂತ ಹಾಡುಗಳು ಸಾಲದೆ ಕ್ರೀಮ್, ಟ್ರಾಫಿಕ್ ಹಾಡುಗಳನ್ನೂ ನುಡಿಸಬೇಕಾಯಿತು. ಜನಕ್ಕೆ ಬೇಕಾಗಿದ್ದೂ ಅವೇ. ಆಗಸ್ಟ್‌ನಲ್ಲಿ ಆಲ್ಬಮ್ ಬಂತು, ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದೇ ತಿಂಗಳ ಕೊನೆಗೆ ಹವಾಯಿಯಲ್ಲಿ ಪ್ರವಾಸ ಮುಗಿಯಿತು, ಬ್ಯಾಂಡೂ ಅಲ್ಲಿಗೇ ನಿಂತಿತು.

ಈಗ ವಿಮರ್ಶೆಗೆ ಬರೋಣ. ಮಾರಾಟದಲ್ಲಿ ಗೆದ್ದರೂ ವಿಮರ್ಶಕರಲ್ಲಿ ಒಮ್ಮತ ಇರಲಿಲ್ಲ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಈ ಒಂದೇ ಆಲ್ಬಮ್ಮಿಗೆ ಮೂವರಿಂದ ವಿಮರ್ಶೆ ಬರೆಸಿತು. ಅಷ್ಟು ನಿರೀಕ್ಷೆ ಇತ್ತು. ಆಲ್ಬಮ್ ಬಗ್ಗೆ ಮತ್ತೆ ಮತ್ತೆ ಬರುವ ದೂರು ಒಂದು: ಇರೋದೇ ಆರು ಹಾಡು, ಅದರಲ್ಲಿ ಒಂದು 1950ರ ದಶಕದ ರಾಕ್ ಗಾಯಕ ಬಡ್ಡಿ ಹಾಲಿಯವರ ಹಳೇ ಹಾಡು, ಕೊನೆಯದು 15 ನಿಮಿಷ ಎಳೆಯುತ್ತದೆ. ಇಂಥ ವಿಮರ್ಶೆ ಓದುವಾಗ ಪ್ರತಿ ವಾಕ್ಯದ ಪಕ್ಕದಲ್ಲೂ ಒಂದು ಪ್ರಶ್ನೆ ಬರೆದುಕೊಳ್ಳಿ: ಇದು ರೆಕಾರ್ಡಿನಲ್ಲಿ ಕೇಳಿಸಿದ್ದರ ಬಗ್ಗೆಯಾ, ಅಥವಾ ಕೇಳಿಸಲಿ ಅಂತ ಕಾದಿದ್ದರ ಬಗ್ಗೆಯಾ? ಕ್ರೀಮ್ ಹೆಸರು ಬಂದ ಕಡೆ ಜಾಸ್ತಿ ಎಚ್ಚರ ಬೇಕು.

ಉದ್ದದ ದೂರನ್ನೇ ಪರೀಕ್ಷಿಸಿ ನೋಡೋಣ. ಆ ಕೊನೆಯ ಹಾಡು 'ಡು ವಾಟ್ ಯು ಲೈಕ್', ಬೇಕರ್ ಬರೆದದ್ದು. ಬೆರಳಲ್ಲಿ ಎಣಿಸಿದರೆ ಐದರ ಲೆಕ್ಕ ಸಿಗುತ್ತದೆ. ನಮ್ಮ ಕರ್ನಾಟಕ ಸಂಗೀತದ ಐದರ ತಾಳ ಖಂಡ ಚಾಪು ಹಾಕಿ ಅಭ್ಯಾಸ ಇದ್ದವರಿಗೆ ಈ ಐದು ಥಟ್ಟನೆ ಹತ್ತುತ್ತದೆ. ಒಬ್ಬೊಬ್ಬರಿಗೂ ಸರದಿಯ ಮೇಲೆ ಸೋಲೊ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ಇದೆ. ನಮ್ಮ ಕಛೇರಿಗಳಲ್ಲಿ ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಎಷ್ಟು ಹೊತ್ತು ನಡೆದರೂ ತಾಳ ಹಿಡಿದು ಕೂರುತ್ತೇವೆ ಅಲ್ವಾ? ಹಾಗೇ ಕೇಳಿದೆ. ಆದರೂ ನನಗೆ ದೂರು ಸರಿ ಅನ್ನಿಸಿತು. ಒಬ್ಬರ ಸೋಲೊ ಇನ್ನೊಬ್ಬರದಕ್ಕೆ ಉತ್ತರ ಕೊಡುವುದಿಲ್ಲ. ಸುಮ್ನೆ ಸರದಿ ಬದಲಾಗುತ್ತದೆ, ಅಷ್ಟೇ.

ಆದರೆ 'ಪ್ರೆಸೆನ್ಸ್ ಆಫ್ ದ ಲಾರ್ಡ್' ಕೇಳಿ. ಬರೆದವರು ಕ್ಲಾಪ್ಟನ್, ಹಾಡಿದವರು ವಿನ್‌ವುಡ್. ಪ್ರಾರ್ಥನೆಯ ಹಾಗೆ ನಿಧಾನವಾಗಿ ಸಾಗುತ್ತಾ ಇರುತ್ತದೆ. ನಡುವೆ ಲಯ ಇದ್ದಕ್ಕಿದ್ದಂತೆ ಓಟ ಕೀಳುತ್ತದೆ, ವಾ-ವಾ ಪೆಡಲ್ (ದನಿಯನ್ನು 'ವಾ-ವಾ' ಅನ್ನಿಸುವಂತೆ ಬದಲಿಸುವ, ಕಾಲಲ್ಲಿ ಒತ್ತುವ ಸಾಧನ) ಹಾಕಿದ ಗಿಟಾರ್ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗಿ ಮತ್ತೆ ಅದೇ ನಿಧಾನದ ದನಿ. ಇಲ್ಲಿ ಸೋಲೊ ಹಾಡಿನ ಒಳಗಿಂದಲೇ ಬಂದಿದೆ.

ಮೂರು ನಿಮಿಷ ಚಿಲ್ಲರೆಯ 'ಕಾಂಟ್ ಫೈಂಡ್ ಮೈ ವೇ ಹೋಮ್' ನನ್ನ ಪ್ರಕಾರ ಇಡೀ ಆಲ್ಬಮ್ಮಿನಲ್ಲೇ ಶ್ರೇಷ್ಠ. ಅಕೌಸ್ಟಿಕ್ ಗಿಟಾರ್, ಮೇಲಿನ ಸ್ಥಾಯಿಯಲ್ಲಿ ತೇಲುವ ವಿನ್‌ವುಡ್ ದನಿ. ಹೆಡ್‌ಫೋನ್ ಹಾಕಿಕೊಂಡು ಡ್ರಮ್ಸ್ ಮೇಲೆ ಮಾತ್ರ ಗಮನ ಇಡಿ. ಗುಡುಗಿನಂತೆ ಬಾರಿಸುವವರು ಅಂತ ಹೆಸರಾದ ಬೇಕರ್, ಇಲ್ಲಿ ಹಾಡಿಗೆ ಎಲ್ಲಿ ನೋವಾದೀತೋ ಅನ್ನೋ ಹಾಗೆ ಮೆಲ್ಲಗೆ ನುಡಿಸುತ್ತಾರೆ.