ಜೋಡಿಯಾಕ್ ಪತ್ರಗಳನ್ನು ಓದುವ ಬಗೆ

ಜೋಡಿಯಾಕ್ ಅಂದರೆ 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಣಿ ಕೊಲೆ ಮಾಡಿ, ಪತ್ರಿಕೆಗಳಿಗೆ ಪತ್ರ ಬರೆಯುತ್ತಿದ್ದ, ಯಾರೆಂದು ಗೊತ್ತಾಗದೇ ಉಳಿದ ಕೊಲೆಗಾರ. ಅವನ ಮಾತು ಬಂದ ಕೂಡಲೇ ಎಲ್ಲರೂ ಅವನು ಕಳಿಸಿದ ಗೂಢಲಿಪಿಯ ಹಿಂದೆ ಬೀಳುತ್ತಾರೆ. ನಾವು ಬೇರೆ ಪ್ರಶ್ನೆ ಇಟ್ಟುಕೊಂಡು ಓದೋಣ: ಪತ್ರ ಬರೆದವನೇ ಕೊಂದವನು ಅಂತ ಗೊತ್ತಾಗಿದ್ದು ಹೇಗೆ?

1969ರ ಜುಲೈ 31ರಂದು ಉತ್ತರ ಕ್ಯಾಲಿಫೋರ್ನಿಯಾದ ಮೂರು ಪತ್ರಿಕೆಗಳಿಗೆ ಹೆಸರಿಲ್ಲದ ಪತ್ರಗಳು ಅಂಚೆಗೆ ಬಿದ್ದವು. 408 ಚಿಹ್ನೆಗಳ ಗೂಢಲಿಪಿಯನ್ನು ಮೂರು ಪಾಲು ಮಾಡಿ ಒಂದೊಂದು ಪತ್ರಿಕೆಗೆ ಒಂದೊಂದು ಪಾಲು ಕಳಿಸಿದ್ದ. ಮುಖಪುಟದಲ್ಲಿ ಹಾಕದಿದ್ದರೆ ಇನ್ನಷ್ಟು ಜನರನ್ನು ಕೊಲ್ಲುತ್ತೇನೆ ಅನ್ನೋ ಬೆದರಿಕೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ತನ್ನ ಪಾಲನ್ನು ಹಾಕಿತು, ಆದರೆ ನಾಲ್ಕನೇ ಪುಟದಲ್ಲಿ! ಪತ್ರದಲ್ಲಿ ಆ ಭಾಗದಲ್ಲಿ ಆಗಲೇ ನಡೆದಿದ್ದ ಕೊಲೆಗಳ ಬಗ್ಗೆ ಗುಂಡುಗಳ ಬ್ರ್ಯಾಂಡ್‌ವರೆಗೆ ವಿವರ ಇತ್ತು. ಆದರೂ ಅಲ್ಲಿನ ವ್ಯಾಲೇಹೋ ಊರಿನ ಪೊಲೀಸ್ ಮುಖ್ಯಸ್ಥರಿಗೆ ಅನುಮಾನ. ಇನ್ನೂ ವಿವರ ಕೊಡಲಿ ಅಂದರು. ಆಮೇಲೆ ಬಂದ ಪತ್ರದಲ್ಲೇ 'ಜೋಡಿಯಾಕ್' ಅನ್ನೋ ಹೆಸರು ಮೊದಲ ಸಲ ಕಾಣಿಸಿದ್ದು.

ಗೂಢಲಿಪಿ ಬಿಡಿಸಿದವರು ಸಲೀನಾಸ್‌ನ ಶಾಲಾ ಮೇಷ್ಟ್ರು ಡೊನಾಲ್ಡ್ ಹಾರ್ಡನ್ ಮತ್ತು ಅವರ ಹೆಂಡತಿ ಬೆಟ್ಟಿ. ಬೆಟ್ಟಿಯವರ ಊಹೆ ಚೆನ್ನಾಗಿದೆ: ಇವನಿಗೆ ಜಂಬ ಜಾಸ್ತಿ, 'ಐ' ಅಂತಲೇ ಶುರು ಮಾಡಿರುತ್ತಾನೆ, 'ಕಿಲ್' ಅನ್ನೋ ಪದ ಇದ್ದೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಆ ಪದದ ಕೊನೆಗೆ ಎರಡು 'ಎಲ್' ಬರುತ್ತವಲ್ಲ, ಅಂಥ ಜೋಡಿ ಹುಡುಕಿ ಎಳೆ ಹಿಡಿದರು. ಬಿಡಿಸಿದ್ದೇನೋ ಸರಿ, ಒಳಗೆ ಸಿಕ್ಕಿದ್ದು ಬರೀ ಬಡಾಯಿ. ಹೆಸರಿಲ್ಲ, ಪುರಾವೆಯೂ ಇಲ್ಲ.

ಪುರಾವೆ ಬಂದದ್ದು ಅಕ್ಟೋಬರ್‌ನಲ್ಲಿ. 11ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಟ್ಯಾಕ್ಸಿ ಚಾಲಕನ ಕೊಲೆಯಾಯಿತು. ಎರಡು ಮೂರು ದಿನದಲ್ಲಿ ಕ್ರಾನಿಕಲ್‌ಗೆ ಬಂದ ಲಕೋಟೆಯಲ್ಲಿ ಆ ಚಾಲಕನ ಅಂಗಿಯ ರಕ್ತ ಮೆತ್ತಿದ ತುಂಡಿತ್ತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಪತ್ರ ಇದೇ. ಗುಂಡಿನ ವಿವರವನ್ನು ಯಾರಾದರೂ ಕೇಳಿ ತಿಳಿದಿರಬಹುದು, ಆ ತುಂಡು ಬೇರೆಯವರಿಗೆ ಎಲ್ಲಿಂದ ಸಿಗಬೇಕು? 1888ರ ಲಂಡನ್ನಿನಲ್ಲಿ ಸರಣಿ ಕೊಲೆಗಳು ನಡೆದಾಗ, ಕೊಂದವನು ನಾನೇ ಅಂತ 'ಜಾಕ್ ದಿ ರಿಪ್ಪರ್' ಹೆಸರಲ್ಲಿ ಸಹಿ ಮಾಡಿ ಸುದ್ದಿಸಂಸ್ಥೆಗೆ ಬಂದ ಪತ್ರಕ್ಕೆ ಇಂಥ ಆಧಾರ ಇರಲಿಲ್ಲ. ಅದನ್ನು ಪತ್ರಕರ್ತನೇ ಬರೆದಿರಬೇಕು ಅಂತ ಹಲವರು ಇಂದಿಗೂ ನಂಬುತ್ತಾರೆ.

ನವೆಂಬರ್‌ನಲ್ಲಿ ಬಂದ 340 ಚಿಹ್ನೆಗಳ ಲಿಪಿ 51 ವರ್ಷ ಸತಾಯಿಸಿತು. ಅಕ್ಷರ ಬದಲಿಸಿದ್ದು ಸಾಲದು ಅಂತ ಓರೆಯಾಗಿ ಓದುವಂತೆ ಜಾಗವನ್ನೂ ಬದಲಿಸಿದ್ದ. 2020ರ ಡಿಸೆಂಬರ್‌ನಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಬೆಲ್ಜಿಯಂನ ಮೂವರು ಹವ್ಯಾಸಿಗಳು ಕಂಪ್ಯೂಟರ್ ನೆರವಿನಿಂದ ಬಿಡಿಸಿದರು. ಎಫ್‌ಬಿಐ ಒಪ್ಪಿತು. ಅದರಲ್ಲೂ ಹೆಸರಿಲ್ಲ.

1970ರ ಏಪ್ರಿಲ್ ಪತ್ರದಲ್ಲಿ ಮಾತ್ರ 'ನನ್ನ ಹೆಸರು' ಅಂತ ಬರೆದು ಮುಂದೆ 13 ಚಿಹ್ನೆ ಇಟ್ಟಿದ್ದಾನೆ. ಇಷ್ಟು ಚಿಕ್ಕ ಲಿಪಿಗೆ ಎಷ್ಟೋ ಹೆಸರು ಹೊಂದಿಸಬಹುದು. ಯಾವುದು ಸರಿ ಅಂತ ತಾಳೆ ನೋಡಲು ಉಳಿದ ಅಕ್ಷರಗಳೇ ಇಲ್ಲ. ಹಾಗಾಗಿ 'ಹೆಸರು ಸಿಕ್ಕಿತು' ಅನ್ನೋ ಸುದ್ದಿ ಓದಿದಾಗ ಮೊದಲು ಕೇಳಬೇಕಾದ್ದು, ಆ 13 ಚಿಹ್ನೆ ಬಿಟ್ಟು ಬೇರೆ ಏನು ಆಧಾರ ಇದೆ ಅಂತ.