ಪಿಐಪಿ ತಿರಸ್ಕೃತವಾಗಿದೆ, ಟ್ರಿಬ್ಯೂನಲ್‌ಗೆ ಹೋದರೆ ಗೆಲ್ಲಬಹುದೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಕ್ಕನಿಗೆ ಸಂಧಿವಾತ. ಅಂಗವೈಕಲ್ಯದ ನೆರವಾದ ಪಿಐಪಿಗೆ ಅರ್ಜಿ ಹಾಕಿದರೆ ತಿರಸ್ಕರಿಸಿದರು. ಮರುಪರಿಶೀಲನೆ ಕೇಳಿದರೂ ಅದೇ ಉತ್ತರ. ಟ್ರಿಬ್ಯೂನಲ್‌ನಲ್ಲಿ ಗೆಲ್ಲುವವರು ಎಷ್ಟು ಮಂದಿ?

ಉತ್ತರ: ಅಪೀಲು ಹಾಕಿಸಿ. ವಿಚಾರಣೆಯ ತನಕ ಹೋದ ಪಿಐಪಿ ಅಪೀಲುಗಳಲ್ಲಿ ಹಲವು ವರ್ಷಗಳಿಂದ ಮೂರರಲ್ಲಿ ಎರಡರ ಆಸುಪಾಸು ಅರ್ಜಿದಾರರ ಪರವಾಗಿಯೇ ತೀರ್ಮಾನವಾಗುತ್ತಿವೆ. 2019–20ರ ಹೊತ್ತಿಗೆ ಅದು ನಾಲ್ಕರಲ್ಲಿ ಮೂರರಷ್ಟಿತ್ತು.

ಆದರೆ ಈ ಲೆಕ್ಕದಲ್ಲಿ ಇರುವವರು ಕೊನೆಯ ತನಕ ಹೋದವರು ಮಾತ್ರ. ಪಿಐಪಿ ನಿರ್ಧಾರಗಳಲ್ಲಿ ಅಪೀಲಿನ ತನಕ ಹೋಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಮರುಪರಿಶೀಲನೆಯ ಪತ್ರದಲ್ಲಿ ಮತ್ತೆ 'ಇಲ್ಲ' ಎಂದು ಕಂಡಾಗ ಎಷ್ಟೋ ಜನ ಕೈಚೆಲ್ಲುತ್ತಾರೆ. ಅವರೆಲ್ಲ ಅನರ್ಹರಾಗಿದ್ದರು ಎಂದು ನಾನು ನಂಬುವುದಿಲ್ಲ. ನೋವಿನಲ್ಲಿರುವವರಿಗೆ ಕಾಗದಪತ್ರದ ಜೊತೆ ಗುದ್ದಾಡುವ ಶಕ್ತಿ ಎಲ್ಲಿಂದ ಬರಬೇಕು?

ಮರುಪರಿಶೀಲನೆ ಮಾಡುವುದು ಮೊದಲು ತಿರಸ್ಕರಿಸಿದ ಡಿಡಬ್ಲ್ಯುಪಿಯೇ, ಅಂದರೆ ಬ್ರಿಟನ್ ಸರ್ಕಾರದ ಉದ್ಯೋಗ ಮತ್ತು ಪಿಂಚಣಿ ಇಲಾಖೆಯೇ. ಟ್ರಿಬ್ಯೂನಲ್ ಸ್ವತಂತ್ರ. ಅಲ್ಲಿ ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶ, ಒಬ್ಬ ವೈದ್ಯ, ಅಂಗವೈಕಲ್ಯದ ಅನುಭವವಿರುವ ಇನ್ನೊಬ್ಬ ಸದಸ್ಯ ಕೂತು ನೇರವಾಗಿ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಫೋನ್, ವಿಡಿಯೊ ಅಥವಾ ಮುಖಾಮುಖಿ ವಿಚಾರಣೆಯನ್ನೇ ಕೇಳಿ. ಬರೀ ಕಾಗದ ನೋಡಿ ತೀರ್ಮಾನಿಸುವ ಪ್ರಕರಣಗಳಲ್ಲಿ ಗೆಲುವು ಕಡಿಮೆ.

ಪಿಐಪಿಯಲ್ಲಿ ಕಾಯಿಲೆಯ ಹೆಸರಿಗೆ ಅಂಕವಿಲ್ಲ. ದಿನನಿತ್ಯದ ಹತ್ತು ಕೆಲಸ, ಓಡಾಟಕ್ಕೆ ಸಂಬಂಧಿಸಿದ ಎರಡು, ಇವುಗಳನ್ನು ನೋಡಿ ಅಂಕ ಕೊಡುತ್ತಾರೆ. ಒಂದೊಂದು ಭಾಗಕ್ಕೂ ಬೇರೆಯಾಗಿ 8 ಅಂಕ ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. 'ಅಡುಗೆ ಮಾಡ್ತೀರಾ?' ಎಂದು ಕೇಳಿದರೆ ನಮ್ಮ ಮನೆಯ ಹೆಣ್ಣುಮಕ್ಕಳು ಥಟ್ಟನೆ 'ಹ್ಞೂಂ, ಮಾಡ್ತೀನಿ' ಅನ್ನುತ್ತಾರೆ. ಅಕ್ಕ ಹಾಗಂದರೆ ಆ ಅಂಕ ಹೋದಂತೆಯೇ. ತರಕಾರಿ ಹೆಚ್ಚುವಾಗ ಚಾಕು ಜಾರುತ್ತದೆಯೇ, ಬಿಸಿ ಪಾತ್ರೆ ಎತ್ತಲು ಬೆರಳು ಮಡಿಯುತ್ತವೆಯೇ, ಮಧ್ಯಾಹ್ನ ಒಂದು ಸಾರು ಮಾಡಿದರೆ ರಾತ್ರಿ ಒಲೆ ಮುಂದೆ ನಿಲ್ಲಲಾಗುವುದಿಲ್ಲವೇ, ಇದನ್ನೆಲ್ಲ ಬಿಡಿಸಿ ಹೇಳಬೇಕು. ನಿಯಮವೂ ಅದನ್ನೇ ಕೇಳುತ್ತದೆ: ಸುರಕ್ಷಿತವಾಗಿ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ಆರೋಗ್ಯವಂತರಿಗೆ ಹಿಡಿಯುವುದರ ಎರಡು ಪಟ್ಟಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳದೆ ಮಾಡಬಲ್ಲರೇ? ಅದೂ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಪರಿಸ್ಥಿತಿ ಹೇಗಿರುತ್ತದೆ ಎಂಬುದೇ ಲೆಕ್ಕ.

ಟ್ರಿಬ್ಯೂನಲ್ ನೋಡುವುದು ಡಿಡಬ್ಲ್ಯುಪಿ ನಿರ್ಧಾರ ಕೈಗೊಂಡ ದಿನದ ಸ್ಥಿತಿಯನ್ನು. ಆಮೇಲೆ ನೋವು ಹೆಚ್ಚಾಗಿದ್ದರೆ ಅದು ಈ ಅಪೀಲಿಗೆ ಬರುವುದಿಲ್ಲ. ಇನ್ನೊಂದು ಎಚ್ಚರ: ಈಗಾಗಲೇ ಸ್ವಲ್ಪ ಹಣ ಸಿಗುತ್ತಿರುವವರಿಗೆ ಟ್ರಿಬ್ಯೂನಲ್ ಅದನ್ನು ಇಳಿಸಲೂಬಹುದು. ನಿಮ್ಮ ಅಕ್ಕನಿಗೆ ಏನೂ ಸಿಕ್ಕಿಲ್ಲವಾದ್ದರಿಂದ ಆ ಭಯವಿಲ್ಲ.

ಅಕ್ಕನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಕಷ್ಟವಿದ್ದರೆ ಅರ್ಜಿಯಲ್ಲೇ ಕನ್ನಡ ದುಭಾಷಿ ಬೇಕೆಂದು ಬರೆಯಿರಿ. ಅದರ ಖರ್ಚು ಟ್ರಿಬ್ಯೂನಲ್‌ನವರದೇ. ನೀವು ಪಕ್ಕದಲ್ಲಿ ಕೂರಬಹುದು, ಆದರೆ ಅಕ್ಕನ ಪರವಾಗಿ ಉತ್ತರಿಸಲು ಹೋಗಬೇಡಿ. ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾಸಂಸ್ಥೆಯವರು ಉಚಿತವಾಗಿ ಸಲಹೆ ಕೊಡುತ್ತಾರೆ.

ಅಪೀಲಿಗೆ ಶುಲ್ಕವಿಲ್ಲ. ಮರುಪರಿಶೀಲನೆಯ ಪತ್ರದ ಮೇಲಿರುವ ದಿನಾಂಕದಿಂದ ಒಂದು ತಿಂಗಳೊಳಗೆ ಹಾಕಬೇಕು. ತಡವಾಗಿದ್ದರೆ ಕಾರಣ ಬರೆದು ಕಳಿಸಿ, ಒಪ್ಪಿಕೊಳ್ಳಲು ಅವಕಾಶವಿದೆ. ವಿಚಾರಣೆಗೆ ಮೊದಲೇ ಡಿಡಬ್ಲ್ಯುಪಿಯಿಂದ ಫೋನ್ ಬಂದು 'ಇಷ್ಟು ಕೊಡುತ್ತೇವೆ' ಎಂದರೂ ಎನ್ನಬಹುದು. ಒಪ್ಪಿದರೆ ಅಪೀಲು ಅಲ್ಲಿಗೇ ಮುಗಿಯುತ್ತದೆ. ಆ ಫೋನಿನಲ್ಲೇ ಉತ್ತರ ಕೊಡಬೇಡಿ, ಸಲಹೆಗಾರರನ್ನು ಕೇಳಿ ಹೇಳುತ್ತೇವೆ ಎನ್ನಿ.